ಪಿಯುಸಿಗೆ ನಿಂತ ನನ್ನ ಓದು ಮತ್ತೆ ಪರೀಕ್ಷಾ ಕೊಠಡಿ ಸೇರಿದ್ದು

ಹೋದ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಬಿ.ಎ. ಐದನೇ ಸೆಮಿಸ್ಟರಿನ ಕೊನೆಯ ಪತ್ರಿಕೆ ಮುಗಿಸಿ ಹೊರಗೆ ಬಂದೆವು. ಪರೀಕ್ಷೆ ನನ್ನದಲ್ಲ, ಕಣ್ಣು ಕಾಣದ ಒಬ್ಬ ಹುಡುಗನದು. ಅವನು ಹೇಳುತ್ತಾ ಹೋದ, ನಾನು ಬರೆದೆ. ಕಾಗದಪತ್ರದಲ್ಲಿ ಇದಕ್ಕೆ ಲಿಪಿಕಾರರು ಅಂತ ಹೆಸರು. ಬಾಯಿಮಾತಿನಲ್ಲಿ ಎಲ್ಲರೂ ಸ್ಕ್ರೈಬ್ ಅಂತಲೇ ಅನ್ನುತ್ತಾರೆ. ಬಲಗೈ ನಡುಬೆರಳಿನ ಗೆಣ್ಣು ಇನ್ನೂ ಊದಿಕೊಂಡಿದೆ. ಅದು ಇಳಿಯುವ ಮೊದಲೇ ಎಲ್ಲ ಬರೆದಿಡೋಣ ಅಂತ ಕೂತಿದ್ದೇನೆ. ಈ ಕೆಲಸಕ್ಕೆ ಬರಬೇಕು ಅಂದುಕೊಂಡಾಗ ಹೀಗೆ ಮಾಡಿ ಅಂತ ಹೇಳುವವರು ನನಗೆ ಯಾರೂ ಸಿಕ್ಕಿರಲಿಲ್ಲ. ನಾನು ಅಲೆದಷ್ಟು ಇನ್ನೊಬ್ಬರು ಅಲೆಯುವುದು ಬೇಡ.

2023ರ ಆಷಾಢದಿಂದ ಹೇಳಬೇಕು. ಅದೇ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತು. ನಮ್ಮವರು ಕಾಫಿ ಕುಡಿಯುತ್ತಾ, "ಇನ್ನೇನು, ಟಿಕೆಟ್ ದುಡ್ಡಿನ ಚಿಂತೆ ಇಲ್ಲ, ಎಲ್ಲಿಗೆ ಹೋಗ್ತೀಯ ಹೇಳು" ಅಂದಿದ್ದರು. ನನಗೆ ಹೋಗಬೇಕಾದ ಜಾಗ ಯಾವುದೂ ನೆನಪಿಗೆ ಬರಲಿಲ್ಲ. ಮೂರು ವಾರ ಕಳೆದು, ಒಂದು ಬೆಳಗಿನ ಜಾವ ಎದೆ ಒತ್ತಿಕೊಂಡು ಎದ್ದು ಕೂತವರು ಆಂಬುಲೆನ್ಸ್ ಬಾಗಿಲಿಗೆ ಬರುವಷ್ಟರಲ್ಲಿ ಇರಲಿಲ್ಲ.

ಅವರು ಕಣ್ಣು ಕೊಡಬೇಕು ಅಂದುಕೊಂಡಿದ್ದರು. 2006ರಲ್ಲಿ ರಾಜ್‌ಕುಮಾರ್ ತೀರಿಕೊಂಡು ಕಣ್ಣು ದಾನ ಮಾಡಿದಾಗಲೇ ಆ ಮಾತು ಒಮ್ಮೆ ಬಂದಿತ್ತು. 2021ರ ಅಕ್ಟೋಬರಿನಲ್ಲಿ ಪುನೀತ್ ಹೋಗಿ, ಅವರ ಎರಡು ಕಣ್ಣಿನ ಕಾರ್ನಿಯಾಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು ಅಂತ ಪತ್ರಿಕೆಯಲ್ಲಿ ಓದಿದ ದಿನ ಗಟ್ಟಿಯಾಗಿ ಹೇಳಿಬಿಟ್ಟರು. ಆ ಬೆಳಿಗ್ಗೆ ಮಗಳು ಶಿವಮೊಗ್ಗದಿಂದ ಫೋನಿನಲ್ಲೇ ಐ ಬ್ಯಾಂಕಿಗೆ ತಿಳಿಸಿದಳು. ಅವರು ಹೇಳಿದ್ದು ಇಷ್ಟು: ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಇರಲಿ. ಆರು ಗಂಟೆಯ ಒಳಗೆ ಕಣ್ಣು ತೆಗೆದುಕೊಳ್ಳಬೇಕು. ನಮ್ಮವರಿಗೆ ಸಕ್ಕರೆ ಕಾಯಿಲೆ ಇತ್ತು, ಒಂದು ಕಣ್ಣಿಗೆ ಪೊರೆಯ ಆಪರೇಷನ್ನೂ ಆಗಿತ್ತು. ಎರಡೂ ಅಡ್ಡಿಯಿಲ್ಲ ಅಂದರು. ಮೊದಲೇ ಎಲ್ಲೂ ಹೆಸರು ಬರೆಸಿರಬೇಕು ಅಂತೇನಿಲ್ಲ, ಮನೆಯವರ ಒಪ್ಪಿಗೆ ಸಾಕು. ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು. ಮುಖದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಆರಿಸಿದ ಫ್ಯಾನನ್ನು ಮತ್ತೆ ಹಾಕಬೇಕು ಅಂತ ರಾತ್ರಿಯವರೆಗೂ ಯಾರಿಗೂ ಹೊಳೆಯಲಿಲ್ಲ.

ಕಣ್ಣು ಯಾರಿಗೆ ಹೋಯಿತು ಅಂತ ಐ ಬ್ಯಾಂಕಿನವರು ಹೇಳುವುದಿಲ್ಲ, ಅದು ನಿಯಮ. ತಿಳಿದಿದ್ದೂ ಎರಡು ಸಲ ಫೋನ್ ಮಾಡಿ ಕೇಳಿದೆ. ನಯವಾಗಿಯೇ ಇಲ್ಲ ಅಂದರು.

ಮರಣ ಪ್ರಮಾಣಪತ್ರ, ಬ್ಯಾಂಕು, ಪಿಂಚಣಿ ಅಂತ ಮೊದಲ ಎರಡು ತಿಂಗಳು ಓಡಾಟದಲ್ಲೇ ಹೋಯಿತು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಒಂದೇ ಮಾತು: ಸಾವಿನ ನೋಂದಣಿಯನ್ನು 21 ದಿನದೊಳಗೆ ಮಾಡಿಸಿ, ಪ್ರಮಾಣಪತ್ರದ ಹತ್ತು ಪ್ರತಿಯನ್ನಾದರೂ ಒಟ್ಟಿಗೇ ಇಟ್ಟುಕೊಳ್ಳಿ. ಓಡಾಟ ಮುಗಿದ ಮೇಲೆ ಮನೆ ನಿಶ್ಶಬ್ದವಾಯಿತು. ಅವರು ಗಡ್ಡ ಹೆರೆದುಕೊಳ್ಳುವಾಗ ನಾನು ಬಾಗಿಲ ಹತ್ತಿರ ನಿಂತು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು ಮೂವತ್ತು ವರ್ಷದ ರೂಢಿ. ಈಗ ಪತ್ರಿಕೆ ಬಂದು ಬಿದ್ದಲ್ಲೇ ಬಿದ್ದಿರುತ್ತಿತ್ತು. ಒಂದು ದಿನ ಹಾಲಿನವನು ಏನೋ ಕೇಳಿದಾಗ ಉತ್ತರ ಹೇಳಲು ಹೋದರೆ ಗಂಟಲಿನಿಂದ ಬರೀ ಗಾಳಿ ಬಂತು. ಎಣಿಸಿ ನೋಡಿದೆ. ಮೂರು ದಿನದಿಂದ ಒಂದು ಮಾತನ್ನೂ ಆಡಿರಲಿಲ್ಲ.

"ಏನಾದರೂ ಮಾಡ್ತಾ ಇರು" ಅಂತ ಎಲ್ಲರೂ ಹೇಳುತ್ತಿದ್ದರು. ಏನು ಅಂತ ಯಾರೂ ಹೇಳುತ್ತಿರಲಿಲ್ಲ. ಅವರ ಕಣ್ಣು ಯಾರದೋ ಮುಖದಲ್ಲಿದೆ ಅನ್ನುವುದೊಂದೇ ನನಗೆ ಹಿಡಿದುಕೊಳ್ಳಲು ಇದ್ದ ಎಳೆ. ಅದನ್ನೇ ಹಿಡಿದು, ಕಣ್ಣು ಕಾಣದವರಿಗೆ ಏನಾದರೂ ಓದಿ ಹೇಳುವ ಕೆಲಸ ಸಿಗುತ್ತದೆಯೇ ಅಂತ ಹುಡುಕತೊಡಗಿದೆ.

ಮೊದಲು ಕೇಳಿದ ಸಂಸ್ಥೆಯ ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಯಾವ ಕಂಪನಿ, ಯಾವ ಹುದ್ದೆ, ಬಯೋಡೇಟಾ ಲಗತ್ತಿಸಿ. "ಗೃಹಿಣಿ" ಅಂತ ಬರೆದು ಕಳಿಸಿ ಆರು ವಾರ ಕಾದೆ. ಉತ್ತರ ಬರಲಿಲ್ಲ. ಆ ಆರು ವಾರ ನನ್ನನ್ನು ಬಹಳ ಕುಗ್ಗಿಸಿತು. ಪುಕ್ಕಟೆ ಕೊಡುತ್ತೇನೆ ಅಂದರೂ ಬೇಡದವಳಾದೆನಲ್ಲ ಅಂತ ಅತ್ತೆ. ಈಗ ನೋಡಿದರೆ ತಪ್ಪು ದಾರಿಯಲ್ಲಿ ಕಾದಿದ್ದೆ ಅನ್ನಿಸುತ್ತದೆ. ಅರ್ಜಿ ಕಳಿಸಿ ಕೂರಬೇಡಿ. ನೇರವಾಗಿ ಹೋಗಿ ಅಥವಾ ಫೋನ್ ಮಾಡಿ, "ಕನ್ನಡ ಓದಲು, ಬರೆಯಲು ಬರುತ್ತದೆ, ಇಂಥ ದಿನ ಬಿಡುವಿದೆ" ಅಂತ ಹೇಳಿ. ಬೆಂಗಳೂರಿನಲ್ಲಿ ಮಿತ್ರಜ್ಯೋತಿಯಂಥ ಸಂಸ್ಥೆಗಳು ಅಂಧರಿಗಾಗಿ ಧ್ವನಿಪುಸ್ತಕದ ಗ್ರಂಥಾಲಯ ನಡೆಸುತ್ತವೆ, ಸಮರ್ಥನಂ ಇದೆ, ಬೇರೆ ಊರುಗಳಲ್ಲೂ ಅಂಧರ ಶಾಲೆಗಳಿವೆ. ಇಂಗ್ಲಿಷ್ ಓದಿ ಕೊಡುವವರು ಹೇಗೋ ಸಿಗುತ್ತಾರೆ. ಕನ್ನಡ ಮಾಧ್ಯಮದ ಪದವಿ ಪುಸ್ತಕ ಓದಿ ಕೊಡುವವರಿಗೇ ಬರ. ನನ್ನನ್ನು ಕೊನೆಗೆ ಒಳಗೆ ಬಿಟ್ಟದ್ದೂ ಈ ಬರವೇ. ಪಕ್ಕದ ಬೀದಿಯ ಕಾಲೇಜು ಮೇಷ್ಟರೊಬ್ಬರು ಸ್ವಯಂಸೇವಕರ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದರು. ಎರಡನೇ ದಿನವೇ ಈ ಹುಡುಗನ ಧ್ವನಿಸಂದೇಶ ಬಂತು. "ಅಮ್ಮಾರ, ವಿಜಯನಗರದ ಇತಿಹಾಸ ಓದಿ ಕೊಡ್ತೀರೇನ್ರಿ?"

ಅವನು ಸಿಂಧನೂರು ಕಡೆಯವನು. ಚಿಕ್ಕಂದಿನಲ್ಲಿ ಸಂಜೆಯಾದರೆ ತಡವರಿಸುತ್ತಿದ್ದನಂತೆ. ಆಮೇಲೆ ಸುತ್ತಲಿನ ನೋಟ ಸಣ್ಣಗಾಗುತ್ತಾ ಬಂದು, ಪಿಯುಸಿ ಹೊತ್ತಿಗೆ ಬೆಳಕು ಇದೆಯೋ ಇಲ್ಲವೋ ಅನ್ನುವುದಷ್ಟೇ ಉಳಿಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲ ಭೇಟಿಯಲ್ಲೇ ನಾನು, "ಯಾರಾದರೂ ಕಣ್ಣು ಕೊಟ್ಟರೆ ನಿನಗೆ ಕಾಣುತ್ತದೆಯೇ?" ಅಂತ ಕೇಳಿಬಿಟ್ಟೆ. ಅವನು ಸಮಾಧಾನವಾಗಿ ಬಿಡಿಸಿ ಹೇಳಿದ. ದಾನ ಬಂದ ಕಣ್ಣಿನಲ್ಲಿ ಕಸಿ ಮಾಡುವುದು ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ತನ್ನದು ಹಿಂದಿನ ಪರದೆಯ, ಅಂದರೆ ಅಕ್ಷಿಪಟಲದ ದೋಷ. ಅವನ ಹಾಸ್ಟೆಲಿನ ಗೆಳೆಯರಲ್ಲೂ ಹೆಚ್ಚಿನವರ ತೊಂದರೆ ಅಕ್ಷಿಪಟಲದ್ದು, ಇಲ್ಲವೇ ನರದ್ದು. ನಮ್ಮವರ ಕಣ್ಣಿನಿಂದ ಇವರಿಗೆ ಏನೂ ಆಗುತ್ತಿರಲಿಲ್ಲ ಅಂತ ಅವತ್ತು ತಿಳಿಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ಅದೇ ಯೋಚನೆ. ಕಣ್ಣಿಂದ ಆಗದೇ ಇದ್ದದ್ದು ಬಾಯಿಂದ, ಕೈಯಿಂದ ಸ್ವಲ್ಪವಾದರೂ ಆಗುತ್ತದಲ್ಲ.

ಓದಿ ರೆಕಾರ್ಡ್ ಮಾಡುವುದು ಸುಲಭ ಅಂದುಕೊಂಡಿದ್ದೆ. ಮೊದಲ ದಿನ ಹತ್ತು ನಿಮಿಷಕ್ಕೆ ಗಂಟಲು ಕಟ್ಟಿತು. ಅಷ್ಟು ದಿನದ ಮೌನ ಅಲ್ಲಿ ಜಡ್ಡುಗಟ್ಟಿತ್ತು. ವಾರದ ಮೇಲೆ ನಲವತ್ತು ನಿಮಿಷ ಓದುವಷ್ಟಾಯಿತು. ಬೆಳಿಗ್ಗೆ ಪತ್ರಿಕೆ ಓದುತ್ತಿದ್ದ ಹೊತ್ತಿಗೇ, ಅದೇ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಓದುತ್ತಿದ್ದೆ.

ಉಪನ್ಯಾಸಕರು ಕೊಡುವ ನೋಟ್ಸ್ ಬಗ್ಗೆ ಒಂದು ಮುಖ್ಯ ವಿಷಯ. ಕಣ್ಣು ಕಾಣದವರ ಫೋನು, ಕಂಪ್ಯೂಟರು ಪಠ್ಯವನ್ನು ಓದಿ ಹೇಳುತ್ತವೆ, ಹಾಗಿದ್ದೂ ನಮ್ಮ ಅಗತ್ಯ ಯಾಕೆ ಅಂತ ನಾನೂ ಕೇಳಿದ್ದೆ. ಆ ನೋಟ್ಸ್ ಹೆಚ್ಚಿನವು ಹಳೆಯ ನುಡಿ ಅಥವಾ ಬರಹ ಅಕ್ಷರದಲ್ಲಿ ಟೈಪಾಗಿರುತ್ತವೆ. ಯುನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ತಿಳಿಯುವ ಅಕ್ಷರ ಸಂಕೇತ, ಅಲ್ಲದ ಆ ಕಡತವನ್ನು ಓದುಯಂತ್ರ ಹಿಡಿದರೆ ಅರ್ಥವಿಲ್ಲದ ಸದ್ದು ಬರುತ್ತದೆ. ಪುಸ್ತಕದ ಪುಟದ ಫೋಟೋ ಕಳಿಸಿದರೆ ಅದೂ ಇಲ್ಲ. ಕನ್ನಡ ಉಪನ್ಯಾಸಕರು ಯಾರಾದರೂ ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ನೋಟ್ಸನ್ನು ಯುನಿಕೋಡಿನಲ್ಲಿ ಟೈಪ್ ಮಾಡಿಸಿ. ನಾನು ಒಂದು ತಿಂಗಳು ರೆಕಾರ್ಡ್ ಮಾಡಿದ್ದನ್ನು ಅವನು ಒಂದು ಸಂಜೆಯಲ್ಲಿ ತಾನೇ ಕೇಳಿ ಮುಗಿಸಬಹುದಿತ್ತು.

ಪರೀಕ್ಷೆ ಹತ್ತಿರ ಬಂದಾಗ ಅವನು ಗೊತ್ತುಮಾಡಿಕೊಂಡಿದ್ದ ಸ್ಕ್ರೈಬ್ ಕೈಕೊಟ್ಟ. ಗುಂಪಿನಲ್ಲಿ ಎಲ್ಲರನ್ನೂ ಕೇಳಿದ. ಬರಲು ಸಿದ್ಧವಿದ್ದವರೆಲ್ಲ ಪದವೀಧರರು, ಎಂಜಿನಿಯರುಗಳು. ಅವರು ಬರುವಂತಿರಲಿಲ್ಲ. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ, ಆಗ ಜಾರಿಯಲ್ಲಿದ್ದ ಮಾರ್ಗಸೂಚಿಯ ಪ್ರಕಾರ, ಅಭ್ಯರ್ಥಿ ತಾನೇ ಕರೆತರುವ ಲಿಪಿಕಾರರ ವಿದ್ಯಾರ್ಹತೆ ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕಿತ್ತು. ಪದವಿ ವಿದ್ಯಾರ್ಥಿಗೆ ಪಿಯುಸಿಯವರು. ಅವನು ಹಿಂಜರಿಯುತ್ತಾ ಕೇಳಿದ, "ಅಮ್ಮಾರ, ನಿಮ್ಮ ಓದು ಎಲ್ಲಿತನ?"

1986ರಲ್ಲಿ ಪಿಯುಸಿ ಪಾಸಾದ ಬೇಸಿಗೆಯಲ್ಲೇ ನನ್ನ ಮದುವೆಯಾಯಿತು. ಬಿ.ಎ. ಅರ್ಜಿ ತಂದಿಟ್ಟುಕೊಂಡಿದ್ದೆ, ತುಂಬಲಿಲ್ಲ. ಮಗಳ ಶಾಲೆಯ ಅರ್ಜಿಯಲ್ಲಿ ತಾಯಿಯ ವಿದ್ಯಾರ್ಹತೆ ಅಂತ ಇದ್ದ ಕಡೆ ನಾನು ಎಷ್ಟೋ ಸಲ ಖಾಲಿ ಬಿಟ್ಟಿದ್ದೇನೆ. ಅವತ್ತು ಫೋನಿನಲ್ಲಿ "ಪಿಯುಸಿ" ಅಂದಾಗ ಆ ಕಡೆಯಿಂದ ಅವನು ಖುಷಿಯಿಂದ ಕೂಗಿಕೊಂಡ. ಮೂವತ್ತೇಳು ವರ್ಷದಲ್ಲಿ ನನ್ನ ಪಿಯುಸಿ ಕೇಳಿ ಸಂತೋಷಪಟ್ಟ ಮೊದಲನೆಯವನು ಅವನೇ.

ಆಮೇಲೆ ಕಾಗದ. ವಿದ್ಯಾರ್ಥಿಯ ಕಡೆಯಿಂದ ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಪ್ರವೇಶಪತ್ರ, ಮತ್ತು ಲಿಪಿಕಾರರ ಹೆಸರು, ವಿದ್ಯಾರ್ಹತೆ ನಮೂದಿಸಿದ ಮುಚ್ಚಳಿಕೆ. ಈ ಮುಚ್ಚಳಿಕೆಯ ನಮೂನೆ ಆ ಮಾರ್ಗಸೂಚಿಯ ಕೊನೆಯಲ್ಲೇ ಇತ್ತು. ನನ್ನ ಕಡೆಯಿಂದ ಅಂಕಪಟ್ಟಿ, ಆಧಾರ್, ಎರಡು ಫೋಟೋ. ಅಂಕಪಟ್ಟಿಗಾಗಿ ಟ್ರಂಕು, ಅಟ್ಟ, ಗಾದ್ರೇಜು ಎಲ್ಲ ಜಾಲಾಡಿದೆ. ಕೊನೆಗೆ ಸಿಕ್ಕಿದ್ದು ನಮ್ಮವರ ಕಾರ್ಖಾನೆಯ ಫೈಲಿನಲ್ಲಿ, ಅವರ ಐಟಿಐ ಪ್ರಮಾಣಪತ್ರದ ಹಿಂದೆ, ಪ್ಲಾಸ್ಟಿಕ್ ಕವರಿನೊಳಗೆ. ಯಾವಾಗ ಇಟ್ಟಿದ್ದರೋ.

ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಮೊದಲ ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಆಧಾರಿನಲ್ಲಿ ಗಂಡನ ಹೆಸರು. ಮದುವೆಯಾದ ಹೆಂಗಸರಿಗೆ ಇದು ಬಂದೇ ಬರುತ್ತದೆ, ಮೊದಲೇ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಎರಡನೆಯದು ನಾನು ಕನಸಿನಲ್ಲೂ ಎಣಿಸದ ಪ್ರಶ್ನೆ. ಗುಮಾಸ್ತರು ಕೇಳಿದರು, "ಪಿಯುಸಿ ಆಗಿದೆ ಸರಿ. ಡಿಗ್ರಿ ಆಗಿಲ್ಲ ಅನ್ನೋದಕ್ಕೆ ಏನು ದಾಖಲೆ?"

ಓದಿದ್ದಕ್ಕೆ ದಾಖಲೆ ಇರುತ್ತದೆ. ಓದದೇ ಇದ್ದದ್ದಕ್ಕೆ ಎಲ್ಲಿಂದ ತರುವುದು? ಮೂರು ದಿನ ಓಡಾಡಿದ ಮೇಲೆ ನೋಟರಿ ಒಬ್ಬರು ಎರಡನ್ನೂ ಒಂದೇ ಅಫಿಡವಿಟ್ಟಿನಲ್ಲಿ ಸೇರಿಸಿ ಬರೆದರು. ಅಂಕಪಟ್ಟಿಯವಳೂ ಆಧಾರಿನವಳೂ ಒಬ್ಬಳೇ, ಪಿಯುಸಿಯ ನಂತರ ನಾನು ಯಾವ ಪದವಿಯನ್ನೂ ಪಡೆದಿಲ್ಲ. ಇಷ್ಟು ವರ್ಷ ಬಾಯಿಬಿಟ್ಟು ಹೇಳದ ಮಾತಿಗೆ ದೇವರ ಮೇಲೆ ಆಣೆಯಿಟ್ಟು ಸಹಿ ಹಾಕಿದೆ. ಕೈ ನಡುಗಲಿಲ್ಲ. ಸ್ಟಾಂಪ್ ಪೇಪರು, ಟೈಪಿಂಗು, ನೋಟರಿ ಸೇರಿ 350 ರೂಪಾಯಿ. ಫೋಟೋ, ಜೆರಾಕ್ಸು, ಪೆನ್ನು ಎಲ್ಲ ಕೂಡಿದರೂ ನನ್ನ ಖರ್ಚು 600 ದಾಟಲಿಲ್ಲ. ಓಡಾಟಕ್ಕೆ ಒಂದು ರೂಪಾಯಿ ಆಗಲಿಲ್ಲ. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟಾಗಲೆಲ್ಲ, ಎಲ್ಲಿಗೆ ಹೋಗ್ತೀಯ ಅಂತ ಕೇಳಿದ್ದಕ್ಕೆ ಈಗ ಉತ್ತರ ಇದೆ ಅನ್ನಿಸುತ್ತಿತ್ತು.

ನೆಂಟರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ವರ್ಷಾಬ್ದಿಕ ಆಗಿಲ್ಲ, ಆಗಲೇ ಬಸ್ಸು ಹತ್ತಿ ಕಾಲೇಜು ಸುತ್ತುತ್ತಾಳೆ ಅಂದರು. ಒಬ್ಬರು ಎದುರಿಗೇ ಅಂದರು. ನೋವಾಯಿತು, ಎರಡು ದಿನ ರೆಕಾರ್ಡಿಂಗ್ ಮಾಡಲಿಲ್ಲ. ಮೂರನೇ ದಿನ ಹುಡುಗ ಫೋನ್ ಮಾಡಿ "ಅಚ್ಯುತರಾಯ ಅರ್ಧಕ್ಕ ನಿಂತಾನ್ರಿ" ಅಂದ. ಎದ್ದು ಕೂತು ಓದಿದೆ.

ಪರೀಕ್ಷೆಗೆ ಮೊದಲು ಎರಡು ವಾರ ದಿನವೂ ಒಂದು ಗಂಟೆ ಬರೆದು ಅಭ್ಯಾಸ ಮಾಡಿ. ಮೂರು ಗಂಟೆಯ ಪತ್ರಿಕೆಗೆ ಗಂಟೆಗೆ 20 ನಿಮಿಷದಂತೆ ಒಂದು ಗಂಟೆ ಹೆಚ್ಚುವರಿ ಸಿಗುತ್ತದೆ, ಅಂದರೆ ಒಟ್ಟು ನಾಲ್ಕು ಗಂಟೆ. ಅವರಿಗೆ ಅದು ಯೋಚಿಸುವ ಸಮಯ, ನಮಗೆ ಬರೆಯುವ ಸಮಯ. ನಾನು 1986ರ ನಂತರ ದಿನಸಿ ಪಟ್ಟಿಗಿಂತ ಉದ್ದದ್ದು ಬರೆದಿರಲಿಲ್ಲ.

ಮೊದಲ ದಿನ ಕೇಂದ್ರದ ಬಾಗಿಲಲ್ಲೇ ತಡೆದರು. ಲಿಪಿಕಾರರು ಅಂದರೆ ಕೆಳಗಿನ ತರಗತಿಯ ವಿದ್ಯಾರ್ಥಿಯೇ ಆಗಿರಬೇಕು, ಇಷ್ಟು ವಯಸ್ಸಾದವರು ಹೇಗೆ ಅಂತ ಮೇಲ್ವಿಚಾರಕರ ಅನುಮಾನ. ಮಾರ್ಗಸೂಚಿಯ ಪ್ರತಿ ಚೀಲದಲ್ಲಿತ್ತು. ಅದರಲ್ಲಿ ವಿದ್ಯಾರ್ಹತೆಯ ಮಾತಿದೆ, ವಯಸ್ಸಿನ ಮಾತಿಲ್ಲ. ಅವರು ಓದಿ, ಯಾರಿಗೋ ಫೋನ್ ಮಾಡಿ ಒಪ್ಪುವಷ್ಟರಲ್ಲಿ ಗಂಟೆ ಹೊಡೆದು ಹದಿನೈದು ನಿಮಿಷ ಆಗಿತ್ತು. ಆ ಹದಿನೈದು ನಿಮಿಷ ಅವನು ಗೋಡೆಗೆ ಕೈಯಿಟ್ಟು ಮಾತಿಲ್ಲದೆ ನಿಂತಿದ್ದ. ಅವನಿಗಿದು ಹೊಸದಾಗಿರಲಿಲ್ಲ. ಕಳೆದ ಸಮಯವನ್ನು ಕೊನೆಯಲ್ಲಿ ಕೊಟ್ಟರು, ಆದರೆ ಕೇಳಿದ ಮೇಲೆ. ಹಾಗಾಗಿ ನಿಯಮದ ಪ್ರತಿ ಜೊತೆಗಿರಲಿ, ಪ್ರಾಂಶುಪಾಲರ ಅನುಮತಿ ಪತ್ರ ಹಿಂದಿನ ದಿನವೇ ಕೈಯಲ್ಲಿರಲಿ, ಒಂದು ಗಂಟೆ ಮೊದಲೇ ಹೋಗಿ. ವಿಶ್ವವಿದ್ಯಾಲಯಕ್ಕೊಂದು ಪದ್ಧತಿ ಇರುತ್ತದೆ, ನಿಯಮಗಳೂ ಬದಲಾಗುತ್ತವೆ, ನಿಮ್ಮ ಕೇಂದ್ರದಲ್ಲೇ ವಿಚಾರಿಸಿ.

ಮೊದಲ ಎರಡು ಪತ್ರಿಕೆಗೆ ನಮ್ಮನ್ನು ಕೂರಿಸಿದ್ದು ನೆಲಮಹಡಿಯ ಪ್ರಯೋಗಾಲಯದಲ್ಲಿ. ಒಂದೇ ಕೋಣೆಯಲ್ಲಿ ಮೂರು ಜೋಡಿ. ಒಬ್ಬರು ಹೇಳುವ ಉತ್ತರ ಇನ್ನೊಬ್ಬರ ಕಿವಿಗೆ ಬೀಳುತ್ತದೆ, ಪಿಸುಗುಟ್ಟಿದರೆ ನನಗೇ ಕೇಳುವುದಿಲ್ಲ. ಮೂರನೇ ಪತ್ರಿಕೆಯ ಹೊತ್ತಿಗೆ ಬೇರೆ ಬೇರೆ ಕೋಣೆ ಕೊಡಿ ಅಂತ ಕೇಳಿಕೊಂಡೆವು, ಕೊಟ್ಟರು. ಒಂದು ಪತ್ರಿಕೆಯಲ್ಲಿ ಭಾರತದ ನಕ್ಷೆ ಗುರುತಿಸುವ ಪ್ರಶ್ನೆಯಿತ್ತು. ನೋಡಿ ಮಾಡಬೇಕಾದ ಪ್ರಶ್ನೆಗೆ ಅಂಧ ವಿದ್ಯಾರ್ಥಿಗಳಿಗೆ ಬದಲಿ ಪ್ರಶ್ನೆ ಇರಬೇಕು. ಪತ್ರಿಕೆಯ ಕೊನೆಯ ಪುಟದಲ್ಲಿ ಸಣ್ಣಗೆ ಇತ್ತು. ನಾನು ಆ ಪುಟ ತಿರುಗಿಸದೇ ಇದ್ದಿದ್ದರೆ ಅಷ್ಟು ಅಂಕ ಹೋಗುತ್ತಿತ್ತು. ಎಲ್ಲ ಪುಟವನ್ನೂ ಮೊದಲೇ ಎರಡು ಸಲ ಓದಿ ಹೇಳಿ, ಪ್ರತಿ ಪ್ರಶ್ನೆಯ ಅಂಕವನ್ನೂ ಸೇರಿಸಿ. ಯಾವುದನ್ನು ಆರಿಸಬೇಕು ಅಂತ ಅವರೇ ತೀರ್ಮಾನಿಸಲಿ. ಪ್ರತಿ ಉತ್ತರ ಮುಗಿದಾಗ ಕೊನೆಯ ಸಾಲನ್ನು ಓದಿ ಹೇಳಿ, ಉಳಿದ ಸಮಯ ತಿಳಿಸಿ.

ಎಲ್ಲಕ್ಕಿಂತ ಕಷ್ಟವಾದದ್ದು ಇತಿಹಾಸದ ಪತ್ರಿಕೆ. ಕೃಷ್ಣದೇವರಾಯನ ದಂಡಯಾತ್ರೆಗಳನ್ನು ಅವನು ಚೆನ್ನಾಗಿ ಹೇಳುತ್ತಾ ಬಂದ. 1509ರಲ್ಲಿ ಪಟ್ಟ, ಉಮ್ಮತ್ತೂರು, ಉದಯಗಿರಿ, ಗಜಪತಿಗಳು. ಆಮೇಲೆ "ರಾಯಚೂರು ಕದನ, 1565" ಅಂದ. ನನ್ನ ಪೆನ್ನು ನಿಂತಿತು. ಅದು 1520. 1565 ತಾಳಿಕೋಟೆಯದು, ಆಗ ಕೃಷ್ಣದೇವರಾಯ ಬದುಕಿಯೇ ಇರಲಿಲ್ಲ. ಆ ಪಾಠವನ್ನು ನಾನೇ ಓದಿ ಕೊಟ್ಟಿದ್ದೆ. ಕೊಠಡಿಯಲ್ಲಿ ಮೇಲ್ವಿಚಾರಕಿ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಒಂದು ಸಲ ಕೆಮ್ಮಿದ್ದರೂ ಅವನಿಗೆ ಹೊಳೆಯುತ್ತಿತ್ತೇನೋ. "ಬರದ್ರೇನ್ರಿ?" ಅಂತ ಕೇಳಿದ. 1565 ಅಂತ ಬರೆದೆ. ಬರೆದು, "ಬರೆದೆ, ಮುಂದೆ ಹೇಳು" ಅಂದೆ. ನಾನು ಆ ಕೋಣೆಯಲ್ಲಿ ಅವನ ಕೈ. ಕೈಗೆ ಬೇರೆ ಬುದ್ಧಿ ಇರಕೂಡದು. ಇದು ಗೊತ್ತಿದ್ದೂ ಆ ನಾಲ್ಕು ಅಂಕಿ ಬರೆಯುವಾಗ ಕಣ್ಣಲ್ಲಿ ನೀರು ಬಂತು. ಅವನಿಗೆ ಕಾಣಲಿಲ್ಲ, ಉತ್ತರಪತ್ರಿಕೆಯ ಮೇಲೆ ಬೀಳದಂತೆ ನೋಡಿಕೊಂಡೆ. ಇನ್ನೊಬ್ಬರ ತಪ್ಪನ್ನು ಅವರದಾಗಿಯೇ ಬಿಡಲು ತಯಾರಿಲ್ಲದವರು ಈ ಕೆಲಸಕ್ಕೆ ಬರಬೇಡಿ.

ಬಸ್ ನಿಲ್ದಾಣದ ಹತ್ತಿರ ಅವನೇ ಥಟ್ಟನೆ ನಿಂತ. "ಅಮ್ಮಾರ, ನಮ್ಮ ಜಿಲ್ಲಾದ ಯುದ್ಧ ಅದು. ಏನು ಹೇಳಿದೆ ನಾ?" ಅಂದ. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ಸಲ ಇಸವಿ ಬಂದಲ್ಲೆಲ್ಲ ಮೂರು ಮೂರು ಸಲ ಓದ್ರಿ" ಅಂದ.

ನಾನು ಗುಣವಾದೆ ಅಂತ ಹೇಳಲಾರೆ. ಭಾನುವಾರಗಳು ಈಗಲೂ ಕಷ್ಟ. ಪರೀಕ್ಷೆ ಮುಗಿದ ಮರುದಿನ, ಶುಕ್ರವಾರ ಬೆಳಿಗ್ಗೆ ಓದಲು ಏನೂ ಇಲ್ಲದೆ ಆ ಕುರ್ಚಿಯಲ್ಲಿ ಕೂತಾಗ ಮೊದಲಿನ ಹಾಗೆಯೇ ಆಯಿತು. ಕೆಳಗೆ ಬಿದ್ದಿದ್ದ ಪತ್ರಿಕೆ ತೆಗೆದು, ಖಾಲಿ ಮನೆಗೇ ಒಂದು ಪುಟ ಗಟ್ಟಿಯಾಗಿ ಓದಿದೆ. ಜುಲೈನಿಂದ ಈವರೆಗೆ ಅದನ್ನು ಮಾಡಿರಲಿಲ್ಲ.

ನಿನ್ನೆ ಸಿಂಧನೂರಿನಿಂದ ಅವನ ಸಂದೇಶ ಬಂತು. ಆರನೇ ಸೆಮಿಸ್ಟರಿನ ಪುಸ್ತಕ ಗೆಳೆಯನ ಕೈಲಿ ಕಳಿಸುತ್ತಾನಂತೆ. ಹಳೆಯ ರೆಕಾರ್ಡಿಂಗುಗಳಲ್ಲಿ ಕುಕ್ಕರ್ ಸೀಟಿ ಸೇರಿಕೊಂಡಿದೆ, ಈ ಸಲ ಬಾಗಿಲು ಹಾಕಿಕೊಂಡು ಓದುತ್ತೇನೆ ಅಂತ ನಾನು ಹೇಳಿ ಕಳಿಸಿದ್ದೆ. ಅದಕ್ಕೆ ಉತ್ತರ: "ಸೀಟಿ ತಗೀಬ್ಯಾಡ್ರಿ. ಎರಡನೇ ಸೀಟಿ ಆದಮ್ಯಾಲ ಹಲ್ಮಿಡಿ ಶಾಸನ ಬರ್ತದ, ಅದರ ಮ್ಯಾಲ ನನಗ ನೆನಪು ಉಳೀತದ." ಪುಸ್ತಕ ಸೋಮವಾರ ಬರುತ್ತದೆ. ಮಂಗಳವಾರ ಬೆಳಿಗ್ಗೆ ಕುಕ್ಕರಿಗೆ ಅಕ್ಕಿ ಇಟ್ಟು ಕೂರುತ್ತೇನೆ.